ಮೊದಲ ನೀರು

ಮೊದಲು ಹಲಗೆ.
ನೀರ ಮೇಲೆ ತೇಲುವ ದುಂಡು ಹಲಗೆಯ ನಟ್ಟನಡುವೆ ಕಾಲಿಟ್ಟು
ಮೈಭಾರವನ್ನೆಲ್ಲ ಅದಕ್ಕೊಪ್ಪಿಸಿ
ಅದರ ಜೊತೆಗೇ ಮೆಲ್ಲನೆ ಮುಳುಗಬೇಕು.
ಹೆಜ್ಜೆ ವಾರೆಯಾದರೆ ಹಲಗೆ ಜಾರಿ ಮೇಲೇಳುತ್ತದೆ,
ಅಡಿಯಲ್ಲಿ ಕಬ್ಬಿಣ, ಕಬ್ಬಿಣದಡಿ ಬೆಂಕಿ.
ಮದುವೆಯಾಗಿ ಬಂದ ವಾರವೇ ಹಿಮ್ಮಡಿ ಸುಟ್ಟುಕೊಂಡೆ,
ಅತ್ತೆಗೆ ಹೇಳಲಿಲ್ಲ.
ಬೆಳಿಗ್ಗೆ ನನ್ನ ಚಪ್ಪಲಿಯ ಪಕ್ಕ
ಮುಲಾಮಿನ ಡಬ್ಬಿ ಇತ್ತು.

ಶಿಕೋಕುವಿನ ಈ ಬೆಟ್ಟದ ಮಗ್ಗುಲಿಗೆ
ನೀರು ಯಾರೂ ಕರೆಯದೆ ಇಳಿದು ಬರುತ್ತದೆ.
ಸೌದೆಗೆ ಯುಝು ಗಿಡ ಸವರಿದ ಕೊಂಬೆ, ಮುಳ್ಳುಸಮೇತ;
ಮುಚ್ಚಿದ ಅಕ್ಕಿಗಿರಣಿಯ ಒಂದು ಹಳೆಯ ತೊಲೆ,
ಅದು ಹೋದ ವರ್ಷದಿಂದ ಉರಿಯುತ್ತಲೇ ಇದೆ, ಮುಗಿಯುವುದಿಲ್ಲ.
ಹಂಡೆಗಿಳಿಯುವ ಮುನ್ನ ಹೊರಗೆ ಕುಕ್ಕರಗಾಲಲ್ಲಿ ಕೂತು
ಸೋಪು, ಕೊಳೆ, ದಿನದ ಸಿಟ್ಟು
ಎಲ್ಲ ತೊಳೆದುಕೊಳ್ಳಬೇಕು.
ಒಳಗೆ ಹೋಗುವುದು ಬರಿಯ ಮೈ.

ಆಗ ಮನೆಯಲ್ಲಿ ಏಳು ಮಂದಿ, ಒಂದೇ ನೀರು.
ಮಾವ ಮೊದಲು. ಆಮೇಲೆ ಗಂಡ, ಮೈದುನ,
ಎರಡು ಮಕ್ಕಳು ಕೂಗಾಡುತ್ತ ಒಟ್ಟಿಗೆ,
ಅತ್ತೆ. ಕಡೆಗೆ ನಾನು.
ನನ್ನ ಪಾಲಿಗೆ ಮೊಣಕಾಲುದ್ದ ಉಳಿದ ಉಗುರುಬೆಚ್ಚಗಿನ ನೀರು,
ಅದರಲ್ಲಿ ಮಾವನ ತಂಬಾಕು, ಮಕ್ಕಳ ನಿದ್ದೆ,
ಅತ್ತೆಯ ಮೊಣಗಂಟಿಗೆ ಹಚ್ಚಿದ ಎಣ್ಣೆಯ ತೆಳ್ಳನೆ ಕಣ್ಣು.
ಬೆಂಕಿಗೆ ಕೂರಲು ಹೊರಗೆ ಯಾರೂ ಉಳಿದಿರುತ್ತಿರಲಿಲ್ಲ.
ಕತ್ತಿನವರೆಗೆ ಮುಳುಗುವ, ಹೊಗೆಯಾಡುವ,
ಯಾರೂ ಮುಟ್ಟದ ನೀರು
ನನ್ನ ಕನಸಿಗೆ ಬರುತ್ತಿತ್ತು. ನಗಬೇಡಿ,
ಬೇರೆಯವರಿಗೆ ಒಡವೆಯ ಕನಸು ಬೀಳುವುದಿಲ್ಲವೇ?

ಮೂರು ಚಳಿಗಾಲದ ಹಿಂದೆ
ಹಣ್ಣು ಕೀಳುವಾಗ ತಾತ್ಸುಜೋ ಏಣಿಯಿಂದ ಬಿದ್ದು
ಮಣಿಕಟ್ಟಿಗೆ ಪಟ್ಟು ಹಾಕಿಸಿಕೊಂಡ.
ನೀರು ತಾಗಬಾರದು ಎಂದರು ಡಾಕ್ಟರು.
ಆ ರಾತ್ರಿ ಅವನು ಹೊರಗೆ ಒಲೆಯ ಬಾಯಿಗೆ ಕೂತು
ಒಂದೇ ಕೈಯಲ್ಲಿ ಕೊಂಬೆ ಮುರಿಯುತ್ತ
'ಕಿನುಯೆ, ನೀನು ಹೋಗು' ಅಂದ.
ಐದು ವಾರಕ್ಕೆ ಪಟ್ಟು ಬಿಚ್ಚಿದರು.
ಸರದಿ ಮಾತ್ರ ಹಿಂದಿರುಗಲಿಲ್ಲ.
ಅವನೂ ಎತ್ತಲಿಲ್ಲ ಮಾತು, ನಾನೂ ಎತ್ತಲಿಲ್ಲ.

ಹೋದ ತಿಂಗಳು ಪಟ್ಟಣದ ಕಚೇರಿಯಿಂದ ಹಾಳೆಯೊಂದು ಬಂತು:
'ಪರಿಸರ ಉಳಿಸಲು ತಮ್ಮ ಮನೆಯಲ್ಲಿ ಏನು ಮಾಡುತ್ತೀರಿ?
ಮೂರು ಸಾಲಿನಲ್ಲಿ ಬರೆಯಿರಿ.'
ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಸ್ನಾನ ಮಾಡುತ್ತೇವೆ ಅಂತ ಬರೆಯಲು ನಾಚಿಕೆಯಾಯಿತು.
ಹಾಳೆ ಒಲೆ ಹೊತ್ತಿಸಲಿಕ್ಕೆ ಬಂತು.
ಒಳ್ಳೆಯ ಕಾಗದ, ಒಂದೇ ಕಡ್ಡಿಗೆ ಹತ್ತಿಕೊಂಡಿತು.

ಈಗ ಕೂತಿದ್ದೇನೆ, ಕತ್ತಿನವರೆಗೆ.
ಐದು ಯುಝು ತೇಲುತ್ತಿವೆ, ಸೊಟ್ಟ ಮೋರೆಯ ಹಳದಿ ಹಣ್ಣುಗಳು,
ಅಂಗಡಿಯವ ಒಲ್ಲೆನೆಂದು ಬಿಟ್ಟವು.
ಒಂದು ಗಲ್ಲಕ್ಕೆ ತಾಗಿ ಹೋಗುತ್ತದೆ, ಮತ್ತೆ ಬರುತ್ತದೆ,
ಬೆಕ್ಕಿನ ಹಾಗೆ.
ಕಿಟಕಿಯಲ್ಲಿ ಹೊಗೆ, ಹೊಗೆಯಾಚೆ ಒಂದು ಕೆಮ್ಮು.
'ಬಿಸಿ ಹೇಗಿದೆ?'
ದಿನವೆಲ್ಲ ನಾಲ್ಕು ಮಾತಾಡದವನು
ಗೋಡೆಯಾಚೆಯಿಂದ ಐದು ಸಲ ಕೇಳುತ್ತಾನೆ.
'ಹದವಾಗಿದೆ' ಅನ್ನುತ್ತೇನೆ.

ಆದರೆ ಒಂದು ಮಾತು.
ಮೊದಲ ನೀರು ಒರಟು.
ಯಾರ ಮೈಯೂ ಸೋಕದ ನೀರು ಹಸಿಯಾಗಿ ಕಚ್ಚುತ್ತದೆ,
ಹೊಸ ಬಟ್ಟೆಯ ಗಂಜಿಯ ಹಾಗೆ.
ಅರವತ್ತೆಂಟರ ಚರ್ಮ ತುರಿಸುತ್ತದೆ ರಾತ್ರಿಯಿಡೀ.
ಆರು ಮೈ ಹಾದು ಬಂದ ಆ ಕೊನೆಯ ನೀರಿತ್ತಲ್ಲ,
ಅದು ಮೆತ್ತಗಿತ್ತು. ಹಳೆಯ ಸೀರೆಯಂತೆ ಅನ್ನುತ್ತೀರೇನೋ ನೀವು,
ನಾವು ನೂರು ಸಲ ಒಗೆದ ಟವೆಲಿನಂತೆ ಅನ್ನುತ್ತೇವೆ.
ಇದನ್ನು ತಾತ್ಸುಜೋಗೆ ಹೇಳಿಲ್ಲ.
ಹೇಳುವುದೂ ಇಲ್ಲ.

ಎದ್ದು ಬಂದೆ. ಅವನು ಒಳಗೆ ಹೋದ.
ಒಲೆಯ ಮುಂದೆ ಈಗ ನಾನು,
ಮುಳ್ಳಿನ ಕೊಂಬೆಯೊಂದನ್ನು ತಳ್ಳಿ
'ಹೇಗಿದೆ?' ಎಂದೆ.
ಹಲಗೆ ಕಿರ್ರೆಂದಿತು. ನೀರು ಅಂಚು ಮೀರಿ ಚೆಲ್ಲಿತು.
ಬಹಳ ಹೊತ್ತಿನ ಮೇಲೆ, ಆವಿಯೊಳಗಿಂದ:
'ನಿನ್ನದೊಂದು ಬಿಳಿ ಕೂದಲಿದೆ ಇಲ್ಲಿ.'
'ತೆಗೆದು ಬಿಸಾಕು.'
ಬಿಸಾಕಿದ ಸದ್ದೇನೂ ಕೇಳಲಿಲ್ಲ,
ಕೂದಲು ಎಲ್ಲಾದರೂ ಸದ್ದು ಮಾಡುತ್ತದೆಯೇ.

ನಾಳೆ ಬೆಳಿಗ್ಗೆ ಈ ನೀರು
ಬಕೆಟಿನಲ್ಲಿ ಈರುಳ್ಳಿ ಸೊಪ್ಪಿನ ಮಡಿಗೆ.
ಬೂದಿ ಮೂಲಂಗಿಗೆ.